ಬಾ, ಕೂತ್ಕೋ, ತಿನ್ನು

ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಆಶರ್ ಎಂಬ ಮನಶ್ಶಾಸ್ತ್ರದ ಮೇಷ್ಟ್ರಿದ್ದರು. 1960ರ ದಶಕದಲ್ಲಿ ಅವರು ಜಪಾನಿ, ರಷ್ಯನ್ ಭಾಷೆಗಳನ್ನು ಕಲಿಸಲು ಹೊಸದೊಂದು ದಾರಿ ಹುಡುಕಿ ಅದಕ್ಕೆ 'ಟೋಟಲ್ ಫಿಸಿಕಲ್ ರೆಸ್ಪಾನ್ಸ್' ಎಂದು ಹೆಸರಿಟ್ಟರು. ಹೆಸರಷ್ಟೇ ಭಾರ, ಸಂಗತಿ ಹಗುರ. ಮೇಷ್ಟ್ರು ಆ ಭಾಷೆಯಲ್ಲಿ 'ಏಳು' ಅನ್ನಬೇಕು, ಕಲಿಯುವವರು ಏಳಬೇಕು. 'ನಡಿ' ಅಂದರೆ ನಡೆಯಬೇಕು, 'ಬಾಗಿಲು ತೆಗಿ' ಅಂದರೆ ತೆಗೆಯಬೇಕು. ಮಾತಾಡು ಎಂದು ಯಾರೂ ಪೀಡಿಸುವಂತಿಲ್ಲ. ಕೂಸು ತೊದಲುವುದಕ್ಕೆ ಮೊದಲು ಎಷ್ಟೋ ತಿಂಗಳು ಬರೀ ಕೇಳಿಸಿಕೊಂಡು ಹೇಳಿದಂತೆ ಮಾಡುತ್ತದಲ್ಲ, ದೊಡ್ಡವರೂ ಹಾಗೇ ಕಲಿಯಲಿ ಎಂಬುದು ಅವರ ವಾದ.

ಕನ್ನಡದ ತಾಯಂದಿರು ಆಗ ಸ್ಯಾನ್ ಹೋಸೆಯಲ್ಲಿ ಹೆಚ್ಚಿಗೆ ಇರಲಿಲ್ಲ. ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟ ಹುಟ್ಟಿದ್ದೇ 1973ರಲ್ಲಿ. ಇದ್ದಿದ್ದರೆ ಆಶರ್ ಅವರಿಗೆ ಪ್ರಯೋಗಗಳ ಖರ್ಚು ಉಳಿಯುತ್ತಿತ್ತು. ಇಂದು ಹತ್ತಿರದ ಫ್ರೀಮಾಂಟಿನ ಯಾವುದೇ ಕನ್ನಡ ಮನೆಯ ಅಡುಗೆಮನೆಯ ಪಕ್ಕ ಬೆಳಿಗ್ಗೆ ಏಳೂವರೆಗೆ ನಿಂತು ಕೇಳಿ: ಬಾ. ಕೂತ್ಕೋ. ತಿನ್ನು. ಬೇಗ ತಿನ್ನು. ಕೈ ತೊಳ್ಕೋ. ಶೂ ಹಾಕ್ಕೋ. ಐಪ್ಯಾಡ್ ಕೆಳಗಿಡು. ಕೆಳಗಿಡು ಅಂದೆ! ಮಕ್ಕಳು ಬರುತ್ತವೆ, ಕೂರುತ್ತವೆ, ತಿನ್ನುತ್ತವೆ. ಒಂದಕ್ಷರವೂ ಅರ್ಥವಾಗದೆ ಹೋಗುವುದಿಲ್ಲ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಭಾಷಾಕಲಿಕೆಯ ಪಂಡಿತರು ಇಂಥ ಆರಂಭದ ಸ್ಥಿತಿಯನ್ನು ಮೌನದ ಅವಧಿ ಎನ್ನುತ್ತಾರೆ; ಗಾಬರಿಯಾಗಬೇಡಿ, ಸ್ವಲ್ಪ ಕಾಲದಲ್ಲಿ ಮಾತು ತಾನಾಗಿ ಬರುತ್ತದೆ ಎಂದು ಧೈರ್ಯವನ್ನೂ ಹೇಳುತ್ತಾರೆ. ನಮ್ಮ ಮಕ್ಕಳ ಮೌನದ ಅವಧಿ ಪ್ರೀಸ್ಕೂಲಿನಲ್ಲಿ ಶುರುವಾಗಿ ಪದವಿ ಪ್ರದಾನ ಸಮಾರಂಭ ದಾಟಿದರೂ ಮುಗಿದಿರುವುದಿಲ್ಲ.

ಬಾಯಿ ಬಿಟ್ಟ ಮಕ್ಕಳ ಕಥೆ ಇನ್ನೊಂದು. ಊರಿನಿಂದ ಬಂದ ಎಂಬತ್ತರ ಹಿರಿಯರೊಬ್ಬರನ್ನು ಆರು ವರ್ಷದ ಹುಡುಗಿ ಬಾಗಿಲಲ್ಲಿ ಎದುರುಗೊಂಡು ಬಹಳ ಪ್ರೀತಿಯಿಂದ 'ಬಾ, ಕೂತ್ಕೋ, ಕೈ ತೊಳ್ಕೋ' ಅಂದಳು. ತಾಯಿ ನಾಚಿಕೆಯಿಂದ ಭೂಮಿಗಿಳಿದುಹೋದರು. ಹುಡುಗಿಯದೇನು ತಪ್ಪು? ಹುಟ್ಟಿದಾರಭ್ಯ ಅವಳಿಗೆ 'ಬನ್ನಿ, ಕೂತ್ಕೊಳ್ಳಿ' ಎಂದವರು ಯಾರಿದ್ದಾರೆ? ಕಿವಿಗೆ ಬಿದ್ದದ್ದನ್ನು ಅವಳು ಲೆಕ್ಕ ತಪ್ಪದೆ ಹಿಂತಿರುಗಿಸಿದ್ದಾಳೆ. ಹಿರಿಯರು ಮಾತ್ರ ಹೇಳಿದಂತೆ ಕೂತರು, ಕೈಯನ್ನೂ ತೊಳೆದುಕೊಂಡರು. ಆಶರ್ ನೋಡಿದ್ದರೆ ಸಂತೋಷಪಡುತ್ತಿದ್ದರು.

ಭಾನುವಾರದ ಕನ್ನಡ ತರಗತಿಗೆ ಬನ್ನಿ. ಬಾಡಿಗೆಗೆ ಹಿಡಿದ ಶಾಲೆಯ ಕೋಣೆ. ವಾರವೆಲ್ಲ ಚಿಪ್ಪು, ಕೋಡು ಎಂದು ಒದ್ದಾಡಿದವರೇ ಸಂಬಳವಿಲ್ಲದ ಮೇಷ್ಟ್ರುಗಳು. ಇವರ ಮೇಲೆ ನನಗೆ ಅಪಾರ ಗೌರವ. ಆದರೂ ಗೋಡೆಯ ಮೇಲಿನ ವರ್ಣಮಾಲೆಯ ಪಟದ ಬಗ್ಗೆ ಎರಡು ಮಾತು ಹೇಳದಿರಲಾರೆ. ಅ ಅಂದರೆ ಅಗಸ, ಈ ಅಂದರೆ ಈಳಿಗೆ, ಋ ಅಂದರೆ ಋಷಿ. ಕ್ಯುಪರ್ಟಿನೊದ ಮಗುವಿಗೆ ಈಳಿಗೆ ಎಂದರೇನೆಂದು ವಿವರಿಸುವುದು ಈ ಅಕ್ಷರವನ್ನು ಕಲಿಸುವುದಕ್ಕಿಂತ ಹತ್ತು ಪಟ್ಟು ಕಷ್ಟ. ಚಾಕು ನೆಟ್ಟಗೆ ನಿಂತಿರುತ್ತದೆ, ತರಕಾರಿ ಅದರ ಕಡೆಗೆ ಹೋಗುತ್ತದೆ, ಹೆಚ್ಚುವವರು ನೆಲದ ಮೇಲೆ ಕೂತಿರುತ್ತಾರೆ ಎಂದರೆ 'ಈಸ್ ದಟ್ ಲೀಗಲ್?' ಎಂಬ ಪ್ರಶ್ನೆ ಬರುತ್ತದೆ.

ಅಕ್ಷರ ದಾಟಿದರೆ ವಾಕ್ಯ. ಪುಸ್ತಕದಲ್ಲಿ 'ನಾನು ಶಾಲೆಗೆ ಹೋಗುತ್ತೇನೆ'. ಧಾರವಾಡದ ಅಪ್ಪನ ಮಗ ಮನೆಯಲ್ಲಿ 'ಸಾಲಿಗೆ ಹೋಗ್ತೇನಿ' ಕೇಳಿರುತ್ತಾನೆ, ಮೈಸೂರಿನ ಅಮ್ಮನ ಮಗಳು 'ಸ್ಕೂಲಿಗ್ ಹೋಗ್ತೀನಿ' ಕೇಳಿರುತ್ತಾಳೆ. ಆಡುಗನ್ನಡಕ್ಕೂ ಒಂದು ವ್ಯಾಕರಣವಿದೆ; ಅದರ ರೂಪರೇಖೆಯನ್ನು ಬರೆದು 1958ರಲ್ಲಿ ಪ್ರಕಟಿಸಿದವರು ವಿಲಿಯಂ ಬ್ರೈಟ್. ಬರ್ಕ್ಲಿಯಲ್ಲಿ ಓದಿ ಪಿಎಚ್.ಡಿ. ಪಡೆದ ಅಮೆರಿಕನ್ನರು. ನಾವಿನ್ನೂ 'ಹೋಗುತ್ತೇನೆ'ಯನ್ನು ತಿದ್ದಿಸುತ್ತಿದ್ದೇವೆ.

ವಿಧಾನಗಳಿಗೆ ನಮ್ಮಲ್ಲೂ ಬರವಿರಲಿಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಇಂಗ್ಲಿಷ್ ಬೋಧನೆಯ ಪ್ರಯೋಗ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಜಗತ್ತಿನಲ್ಲೆಲ್ಲ ಹೆಸರಾಯಿತು. ವ್ಯಾಕರಣ ಬದಿಗಿಡಿ, ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿ ಕೊಡಿ, ಯಾವ ಗಾಡಿ ಹತ್ತಿದರೆ ಎಷ್ಟು ಹೊತ್ತಿಗೆ ಊರು ಸೇರುತ್ತೀರಿ ಎಂದು ಕೇಳಿ; ಮನಸ್ಸು ಲೆಕ್ಕದಲ್ಲಿರುವಾಗ ಭಾಷೆ ಒಳಗಿಳಿಯುತ್ತದೆ. ಇದನ್ನು ಓದಿಕೊಂಡ ಉತ್ಸಾಹಿ ಯುವಕರೊಬ್ಬರು ನಮ್ಮ ಭಾನುವಾರದ ತರಗತಿಯಲ್ಲಿ ಬಾರ್ಟ್ ರೈಲಿನ ವೇಳಾಪಟ್ಟಿ ಹಂಚಿದರು. ಮಕ್ಕಳು ಗುಂಪುಗೂಡಿ ಭರ್ಜರಿಯಾಗಿ ಚರ್ಚಿಸಿದವು, ಜಗಳವನ್ನೂ ಆಡಿದವು, ಎಲ್ಲವನ್ನೂ ಇಂಗ್ಲಿಷಿನಲ್ಲಿ. ಕೊನೆಗೆ ಒಬ್ಬ ಎದ್ದು ನಿಂತು ಕನ್ನಡದಲ್ಲಿ 'ಹತ್ತು' ಅಂದ. ಹತ್ತು ಗಂಟೆಯೋ, ರೈಲು ಹತ್ತೋ ಎಂಬುದು ತೀರ್ಮಾನವಾಗುವುದರೊಳಗೆ ತರಗತಿ ಮುಗಿಯಿತು.

ಬರ್ಕ್ಲಿಯ ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಅವರನ್ನೂ ಇಲ್ಲಿ ನೆನೆಯಬೇಕು. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರು ಶತಮಾನಗಳಿಂದ ಅಕ್ಕಪಕ್ಕದಲ್ಲಿದ್ದಾರೆ. ಬೀದಿಯಲ್ಲಿ ಎಲ್ಲರೊಡನೆ ಬೆರೆತರೂ ಮನೆಯೊಳಗೆ ಅವರವರ ಭಾಷೆ ಅವರವರಿಗೆ. ಈ ಭಾಷೆಗಳ ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿದೆ, ಪದಗಳು ಮಾತ್ರ ಬೇರೆ ಉಳಿದಿವೆ ಎಂದು ಗಂಪರ್ಜ್ ಅವರೂ ರಾಬರ್ಟ್ ವಿಲ್ಸನ್ ಅವರೂ 1971ರಲ್ಲಿ ಬರೆದರು. ಫ್ರೀಮಾಂಟಿನಲ್ಲಿ ಇದು ತಿರುಗುಮುರುಗು. 'ಕಾರ್ ಪಾರ್ಕ್ ಮಾಡಿ, ಗ್ರೋಸರಿ ಪಿಕಪ್ ಮಾಡ್ಕೊಂಡು, ಕಿಡ್ಸನ್ನ ಡ್ರಾಪ್ ಮಾಡ್ಬಿಟ್ಟು ಬಾ' ಎಂಬಲ್ಲಿ ಕಟ್ಟು ಅಚ್ಚಗನ್ನಡ, ಸಾಮಾನೆಲ್ಲ ಇಂಗ್ಲಿಷ್. ಇದನ್ನು ಅಳಿವು ಎಂದು ಕರೆಯಲು ನನಗೆ ಮನಸ್ಸಿಲ್ಲ. ಆ ವಾಕ್ಯವನ್ನು ಪೂರ್ತಿ ಮಾಡಬಲ್ಲ ಮಗು ಸಿಕ್ಕರೆ ನಾನು ಮುದ್ದಾಡುತ್ತೇನೆ.

ಬೇ ಏರಿಯಾಕ್ಕೆ ಇದೆಲ್ಲ ಹೊಸದೂ ಅಲ್ಲ. ಗೋಲ್ಡನ್ ಗೇಟ್ ಸೇತುವೆಯ ಬುಡದ ಪ್ರೆಸಿಡಿಯೊದಲ್ಲಿ, ವಿಮಾನ ನಿಲ್ಲಿಸುತ್ತಿದ್ದ ಹಳೆಯ ಕೊಟ್ಟಿಗೆಯೊಂದರಲ್ಲಿ, 1941ರ ನವೆಂಬರ್ 1ರಂದು ಅಮೆರಿಕದ ಸೇನೆ ಗುಟ್ಟಾಗಿ ಜಪಾನಿ ಭಾಷೆಯ ಶಾಲೆ ತೆರೆಯಿತು. ಪರ್ಲ್ ಹಾರ್ಬರಿನ ಮೇಲೆ ಬಾಂಬು ಬೀಳಲು ಇನ್ನೂ ಐದು ವಾರವಿತ್ತು. ಜಪಾನಿ ವಲಸಿಗರ ಮಕ್ಕಳು ಸೇನೆಯಲ್ಲಿದ್ದಾರಲ್ಲ, ಅವರಿಗೆ ಭಾಷೆ ಬಂದೇ ಬರುತ್ತದೆ ಎಂದು ಅಧಿಕಾರಿಗಳು ನಂಬಿದ್ದರು. ಸುಮಾರು 3,700 ಮಂದಿಯನ್ನು ಪರೀಕ್ಷಿಸಿದರೆ ಸರಾಗವಾಗಿ ಬಲ್ಲವರು ನೂರಕ್ಕೆ ಮೂವರು. ಆ ಹುಡುಗರಲ್ಲಿ ಅನೇಕರು ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ಜಪಾನಿ ಪಾಠಶಾಲೆಗೆ ಹೋಗಿ ಬಂದವರೇ. ಅವರ ತಾಯಂದಿರೂ ಮನೆಯಲ್ಲಿ ಜಪಾನಿಯಲ್ಲೇ ಬಾ, ಕೂತ್ಕೋ, ತಿನ್ನು ಎನ್ನುತ್ತಿದ್ದಿರಬೇಕು. ಮೊದಲ ತಂಡದ ಅರವತ್ತು ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಕಿತ್ತಳೆ ಪೆಟ್ಟಿಗೆಗಳನ್ನೇ ಕುರ್ಚಿ ಮೇಜು ಮಾಡಿಕೊಂಡು ತಮ್ಮ ಮನೆಮಾತನ್ನು ಮತ್ತೆ ಕಲಿತರು.

ಮಕ್ಕಳು ಭಾಷೆಯನ್ನು ಯಾಕೆ ಕಲಿಯುತ್ತವೆ ಎಂಬುದಕ್ಕೆ ನನಗೆ ಒಪ್ಪಿಗೆಯಾದ ಉತ್ತರ ಲಿಲಿ ವಾಂಗ್ ಫಿಲ್ಮೋರ್ ಅವರದು. 1976ರ ತಮ್ಮ ಸ್ಟ್ಯಾನ್‌ಫರ್ಡಿನ ಪಿಎಚ್.ಡಿ.ಗಾಗಿ ಅವರು ಸ್ಪ್ಯಾನಿಷ್ ಮನೆಮಾತಿನ ಐದು ಮಕ್ಕಳನ್ನು ಇಂಗ್ಲಿಷ್ ಗೆಳೆಯರ ಜೊತೆ ಆಡಲು ಬಿಟ್ಟು ಗಮನಿಸಿದರು. ಎಲ್ಲರಿಗಿಂತ ಮುಂದೆ ಹೋದ ಹುಡುಗಿ ನೋರಾ. ಅವಳಿಗೆ ಭಾಷೆಯ ಮೇಲೆ ಅಂಥ ಮೋಹವಿರಲಿಲ್ಲ. ಆ ಗೆಳತಿಯರು ತನಗೆ ಬೇಕು ಎಂಬ ಹಟವಿತ್ತು. ಮುಂದೆ ಬರ್ಕ್ಲಿಯಲ್ಲಿದ್ದಾಗ, 1991ರಲ್ಲಿ, ಇದೇ ವಾಂಗ್ ಫಿಲ್ಮೋರ್ ಸಾವಿರಕ್ಕೂ ಹೆಚ್ಚು ವಲಸಿಗ ಕುಟುಂಬಗಳನ್ನು ವಿಚಾರಿಸಿ, ಇಂಗ್ಲಿಷ್ ಪ್ರೀಸ್ಕೂಲಿಗೆ ಕಾಲಿಟ್ಟ ಮಕ್ಕಳು ಮನೆಮಾತನ್ನು ಎಷ್ಟು ಬೇಗ ಕೈಬಿಡುತ್ತವೆ ಎಂದು ತೋರಿಸಿದರು. ನನಗೆ ಇವೆರಡೂ ಒಂದೇ ಮಾತು. ಎಲ್ಲಿ ಗೆಳೆಯರೋ ಅಲ್ಲಿ ಭಾಷೆ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರುತ್ತದೆಂದು ಮಗುವಿಗೆ ಗೊತ್ತಿದ್ದ ಮೇಲೆ ಅದು ಕನ್ನಡದ ಶ್ರಮವನ್ನೇಕೆ ಪಡಬೇಕು?

ಹೀಗಾಗಿ ಬೇ ಏರಿಯಾದಲ್ಲಿ ನಾನು ಕಂಡ ಅತ್ಯುತ್ತಮ ಕನ್ನಡ ಅಧ್ಯಾಪಕಿ ಆರು ತಿಂಗಳ ಸಂದರ್ಶಕ ವೀಸಾದಲ್ಲಿ ಬಂದ, ಇಂಗ್ಲಿಷ್ ಬಾರದ ಅಜ್ಜಿ. ಆಕೆಗೆ ಟಿವಿ ರಿಮೋಟಿನ ಗುಟ್ಟು ಬೇಕು, ಮೊಮ್ಮಗುವಿಗೆ ಚಕ್ಕುಲಿ ಡಬ್ಬದ ಜಾಗ ಗೊತ್ತಾಗಬೇಕು. ವ್ಯವಹಾರ ಕನ್ನಡದಲ್ಲೇ ನಡೆಯಬೇಕು, ಬೇರೆ ದಾರಿಯಿಲ್ಲ. ಅಜ್ಜಿ ಆಜ್ಞೆ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತಾಳೆ: ಇದ್ಯಾಕೋ ಹೀಗೆ? ಅವನ್ಯಾರೋ? ಆಮೇಲೇನಾಯ್ತೋ? ಮಗುವಿನ ಬಾಯಲ್ಲಿ ಮೊದಲ ಬಾರಿಗೆ ಆಮೇಲೆ, ಯಾಕಂದ್ರೆ, ಆದ್ರೆ ಎಂಬ ಮಾತುಗಳು ಬರುತ್ತವೆ.

ಈಗ ಬರುವ ಅಜ್ಜ ಅಜ್ಜಿಯರು ಬೇರೆ. ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ ದುಡಿದು ನಿವೃತ್ತರಾದವರು. ಮೊಮ್ಮಕ್ಕಳ ಅಮೆರಿಕನ್ ಉಚ್ಚಾರಣೆಗೆ ಮಾರುಹೋಗಿ ಮೊದಲ ದಿನವೇ 'ಹೌ ವಾಸ್ ಸ್ಕೂಲ್?' ಎನ್ನುತ್ತಾರೆ. ಅವರಲ್ಲಿ ನನ್ನದೊಂದು ವಿನಂತಿ. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲಿ ನಿಮ್ಮ ಇಂಗ್ಲಿಷನ್ನು ಧಾರಾಳವಾಗಿ ಬಳಸಿ. ಅದನ್ನು ದಾಟಿ ಹೊರಗೆ ಬಂದ ಮೇಲೆ, ಮೊಮ್ಮಕ್ಕಳು ಏನು ಕೇಳಿದರೂ, ದಯವಿಟ್ಟು ಆರು ತಿಂಗಳು ಇಂಗ್ಲಿಷ್ ಬಾರದವರಂತೆ ನಟಿಸಿ.