ಮಾಂಗಲ್ಯಧಾರಣೆಯ ಫೋರ್-ಕೆ ವಿಡಿಯೋಗೆ ಅಗ್ಗದ ಗಣಕ: ಒಂದು ಮೀಮಾಂಸೆ

ಶಾಸ್ತ್ರಕ್ಕೆ ಮೊದಲು ಅಧಿಕಾರಿ ಯಾರೆಂದು ನಿಶ್ಚಯವಾಗಬೇಕು. ಇದ್ದಬದ್ದ ಹಣವನ್ನೆಲ್ಲ ಫೋರ್-ಕೆ ಕ್ಯಾಮೆರಾಕ್ಕೆ ಸುರಿದು, ಮದುವೆಯೊಂದನ್ನು ಹಿಡಿದು ತಂದು, ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆದಾಗ ವರನ ಕೈ ತಾಳಿಯ ಸಮೇತ ಗಾಳಿಯಲ್ಲೇ ನಿಂತುಬಿಟ್ಟದ್ದನ್ನು ಕಂಡವನೇ ಇಲ್ಲಿ ಅಧಿಕಾರಿ. ಕ್ಷೇತ್ರ, ಗಣಕದ ಬಿಡಿಭಾಗಗಳ ಸಂತೆಯಾದ ಬೆಂಗಳೂರಿನ ಎಸ್.ಪಿ. ರೋಡು. ಸಾಧನ 60,000 ರೂಪಾಯಿ. ಪ್ರಯೋಜನ, ವಧುವಿನ ಸೋದರಮಾವನ ಫೋನ್ ಕರೆಗಳಿಂದ ಮುಕ್ತಿ.

ಈಗ ಪೂರ್ವಪಕ್ಷ. ಗಾಜಿನ ಕ್ಯಾಬಿನೆಟ್ಟಿನೊಳಗೆ ಬಣ್ಣ ಬದಲಿಸುತ್ತ ತಿರುಗುವ ಫ್ಯಾನುಗಳೇ ವೇಗಕ್ಕೆ ಕಾರಣವೆಂದು ದೀಪವಾದಿಗಳ ಮತ. ದೀಪ ಉರಿಯುತ್ತಿದ್ದರೂ ವಿಡಿಯೋ ತೆವಳುವುದು ಕಾಣುವುದರಿಂದ ಇದು ನಿಲ್ಲದು. ಗ್ರಾಫಿಕ್ಸ್‌ಕಾರ್ಡ್‌ವಾದಿಗಳು ಇವರಿಗಿಂತ ಗಂಭೀರರು, ಆದಕಾರಣ ದುಬಾರಿಯವರು. ಅರ್ಧಕ್ಕೂ ಮಿಕ್ಕ ಹಣವನ್ನು ಕಾರ್ಡಿಗೆ ಅರ್ಪಿಸಿ, ಎಂಟು ಜಿಬಿ ರ್‍ಯಾಮಿನಲ್ಲಿ ವೈರಾಗ್ಯ ಸಾಧಿಸುವುದು ಅವರ ಮಾರ್ಗ.

ಸಿದ್ಧಾಂತಿ ಹೇಳುತ್ತಾನೆ: ರೋಗ ಕ್ಯಾಮೆರಾದಲ್ಲೇ ಹುಟ್ಟಿದೆ. 3840×2160 ಎಂದರೆ ಒಂದು ಚೌಕಟ್ಟಿಗೆ ಸುಮಾರು 83 ಲಕ್ಷ ಬಿಂದು, ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಬಿಂದುವಿಗೆ ಮೂರು ಬೈಟಿನಂತೆ ಸೆಕೆಂಡಿಗೆ 30 ಚೌಕಟ್ಟು ಹಿಡಿದರೆ 740 ಎಂಬಿ ದಾಟುತ್ತದೆ. ಕ್ಯಾಮೆರಾ ಇದನ್ನು 100 ಮೆಗಾಬಿಟ್ಟಿಗೆ, ಅಂದರೆ ಹನ್ನೆರಡೂವರೆ ಎಂಬಿಗೆ ಹಿಂಡುತ್ತದೆ. ಹೇಗೆಂದರೆ, ಒಂದು ಚಿತ್ರವನ್ನು ಪೂರ್ಣ ಬರೆದು, ಉಳಿದವುಗಳಿಗೆ ‘ಮೇಲಿನಂತೆ, ಆದರೆ ಪುರೋಹಿತರ ಕೈ ತುಸು ಎತ್ತರ’ ಎಂದು ಟಿಪ್ಪಣಿ ಹಾಕುತ್ತದೆ. ಎಚ್.264, ಎಚ್.265 ಎಂಬ ಹಿಂಡುವ ವಿಧಾನಗಳ ಒಳಗುಟ್ಟು ಇಷ್ಟೇ. ನೋಡುವವನು ಮುಂದಕ್ಕಷ್ಟೇ ಸಾಗುತ್ತಾನೆ, ಅವನಿಗೆ ಬಾಧೆಯಿಲ್ಲ. ಸಂಕಲಕನೋ ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತಾನೆ; ಅವನು ಎಳೆದಾಗಲೆಲ್ಲ ಯಂತ್ರ ಮೂಲ ಚಿತ್ರಕ್ಕೆ ಓಡಿ, ಟಿಪ್ಪಣಿಗಳನ್ನೆಲ್ಲ ಓದಿಕೊಂಡು ಏದುಸಿರು ಬಿಡುತ್ತ ಬರಬೇಕು.

ಹಾಗಾಗಿ ಕೊಳ್ಳಬೇಕಾದದ್ದು ಟಿಪ್ಪಣಿ ಬಿಡಿಸಬಲ್ಲ ಯಂತ್ರ. ಇಂಟೆಲ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಲ್ಲಿ ಕ್ವಿಕ್ ಸಿಂಕ್ ಎಂಬ ಅಂಗವಿದೆ; 11ನೇ ತಲೆಮಾರಿನಿಂದ ಅದು ಬಣ್ಣದ ವಿವರ ಹೆಚ್ಚಿರುವ 10 ಬಿಟ್ 4:2:2 ಎಚ್.265 ಅನ್ನೂ ಬಿಡಿಸುತ್ತದೆ. 2025ಕ್ಕೆ ಹಿಂದಿನ ಜಿಫೋರ್ಸ್ ಕಾರ್ಡುಗಳಿಗೆ ಈ ವಿದ್ಯೆ ಬಾರದು. ಇಲ್ಲೊಂದು ವ್ಯಾಕರಣಸೂಕ್ಷ್ಮ: ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಆಗಮವಾದರೆ ಒಳಗಿನ ಗ್ರಾಫಿಕ್ಸ್ ಲೋಪವಾಗುತ್ತದೆ. ಬೆಲೆ ಕಡಿಮೆಯೆಂದು ಎಫ್ ಕೊಂಡವನು ಆ ಅಂಗವನ್ನೇ ಬಿಟ್ಟುಕೊಟ್ಟ. ರ್‍ಯಾಮ್ 16 ಜಿಬಿ ಕನಿಷ್ಠ, 32 ಲೇಸು. ವಿಡಿಯೋ ಇಡಲು ಎಸ್‌ಎಸ್‌ಡಿ.

ಸೇಬುವಾದಿಗಳನ್ನು ಖಂಡಿಸುವುದು ಕಷ್ಟ, ಒಪ್ಪಿಕೊಳ್ಳೋಣ. 2024ರಲ್ಲಿ 59,900 ರೂಪಾಯಿಗೆ ಬಂದ ಎಂ4 ಮ್ಯಾಕ್ ಮಿನಿ, 16 ಜಿಬಿ ರ್‍ಯಾಮಿನಲ್ಲೇ ಈ ಟಿಪ್ಪಣಿಗಳನ್ನು ಸಲೀಸಾಗಿ ಓದುತ್ತದೆ. ಆದರೆ ಒಳಗಿನ ಜಾಗ 256 ಜಿಬಿ, ಮೇಲಿನ ಲೆಕ್ಕದಲ್ಲಿ ಒಂದು ಗಂಟೆಯ ಚಿತ್ರೀಕರಣಕ್ಕೆ 45 ಜಿಬಿ. ನಾಂದಿ ಮುಗಿದು ಮುಹೂರ್ತ ಬರುವಷ್ಟರಲ್ಲಿ ಭರ್ತಿ. ಮಾನಿಟರ್, ಕೀಬೋರ್ಡ್ ನಿಮ್ಮದೇ. ರ್‍ಯಾಮನ್ನು ಆಮೇಲೆ ಏರಿಸುವಂತಿಲ್ಲ.

ಉಳಿದದ್ದು ಪ್ರತಿನಿಧಿ ನ್ಯಾಯ. ಯಾಗಕ್ಕೆ ಸೋಮಲತೆ ಸಿಗದಿದ್ದರೆ ಪೂತೀಕವಾದೀತು ಎಂದು ಮೀಮಾಂಸಕರೇ ಒಪ್ಪಿದ್ದಾರೆ. ಅಂತೆಯೇ ಪ್ರಾಕ್ಸಿ: ಪ್ರತಿ ಕ್ಲಿಪ್ಪಿಗೂ ಹಗುರವಾದ ನಕಲು ಮಾಡಿ, ಅದನ್ನು ಕತ್ತರಿಸಿ ಜೋಡಿಸಿ, ಕೊನೆಗೆ ಹೊರತೆಗೆಯುವಾಗ ಮೂಲವನ್ನು ಕೂರಿಸುವುದು. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯಲ್ಲೂ ಈ ಸೌಲಭ್ಯವಿದೆ, 3840×2160ರಲ್ಲಿ ಹೊರತೆಗೆಯಲೂ ಅಡ್ಡಿಯಿಲ್ಲ.

ಪೂರ್ವಪಕ್ಷಿ ಮತ್ತೆ ಎದ್ದು ನಿಲ್ಲುತ್ತಾನೆ: ಹಾಗಿದ್ದರೆ ಹಳೆಯ ಲ್ಯಾಪ್‌ಟಾಪೇ ಸಾಕಲ್ಲ? ಬಹುಪಾಲು ಸಾಕು. ಇದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಟ್ಟರೆ ಶಾಸ್ತ್ರ ಎಲ್ಲಿ ಬೆಳೆಯಬೇಕು? ಪ್ರಾಕ್ಸಿ ತಯಾರಾಗಲು ರಾತ್ರಿಯಿಡೀ ಹಿಡಿದೀತು, ಅಷ್ಟೇ. ನಡುರಾತ್ರಿ ಕರೆಂಟು ಹೋದರೆ ಏನು ಗತಿ ಎಂಬುದು ಯುಪಿಎಸ್ ಪ್ರಕರಣದ ವಿಷಯ. ಅದಕ್ಕೆ ಬಜೆಟ್ಟೇ ಬೇರೆ.