ಆಪದಾಗಮದರ್ಪಣಂ: ಕರೆಯದೆ ಬಂದ ಆ್ಯಪುಗಳ ವ್ಯಾಕರಣ

ಮೊದಲು ಗ್ರಂಥದ ಹೆಸರಿನ ವಿಚಾರ. ಆಪತ್ ಮತ್ತು ಆಗಮ ಸೇರಿ ಆಪದಾಗಮ. ಜಶ್ತ್ವ ಸಂಧಿ, ಹೈಸ್ಕೂಲು ಮಕ್ಕಳೂ ಬಿಡಿಸುತ್ತಾರೆ. ಆ್ಯಪ್ ಮತ್ತು ಆಗಮ ಸೇರಿದರೆ ಅದೇ ನಿಯಮದಂತೆ ‘ಆ್ಯಬಾಗಮ’ ಆಗಬೇಕು. ಆದರೆ ವಸ್ತುವನ್ನು ಹದಿನೈದು ದಿನ ಕೈಯಲ್ಲಿ ಹಿಡಿದು ಪರೀಕ್ಷಿಸಿದ ಮೇಲೂ ಎರಡು ಶಬ್ದಗಳ ನಡುವೆ ಅರ್ಥಭೇದ ಕಾಣದ್ದರಿಂದ ಮೊದಲನೆಯದನ್ನೇ ಉಳಿಸಿಕೊಂಡಿದ್ದೇನೆ. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣವನ್ನು ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮದಲ್ಲಿ ಬರೆದ. ನನ್ನದೂ ಅದೇ ದಾರಿ. ಅವನಿಗೆ ಪ್ರಯೋಗಗಳು ಹಿಂದಿನ ಕವಿಗಳ ಕಾವ್ಯದಲ್ಲಿ ಸಿಕ್ಕವು. ನನಗೆ ಸಾಗರದಲ್ಲಿರುವ ದೊಡ್ಡಮ್ಮನ ಹೊಸ ಫೋನಿನಲ್ಲಿ.

ದೊಡ್ಡಮ್ಮ ಕೊಟ್ಟ ದುಡ್ಡಿನಲ್ಲಿ ಆ ಫೋನನ್ನು ಕೊಂಡು ತಂದದ್ದು ನಾನೇ. ಅಂಗಡಿಯವನು ಟೆಂಪರ್ಡ್ ಗ್ಲಾಸ್ ಅಂಟಿಸಿ, ಪೌಚು ತೊಡಿಸಿ, ‘ಇನ್ನೇನಿಲ್ಲ ಸರ್, ಆನ್ ಮಾಡ್ಕೊಳ್ಳೋದು, ಯೂಸ್ ಮಾಡೋದು’ ಎಂದು ಕೈಗಿತ್ತ. ದೊಡ್ಡಮ್ಮ ಜಗಲಿಯಲ್ಲಿ ಕೂತು, ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು, ಪರದೆಯನ್ನು ಒಂದು ಸಲ ಎಡಕ್ಕೆ ಸರಿಸಿದಳು. ಇನ್ನೊಂದು ಸಲ ಸರಿಸಿದಳು. ಮೂರನೇ ಪುಟಕ್ಕೆ ಬಂದಾಗ ಕೇಳಿದಳು: ‘ಇವರೆಲ್ಲ ಯಾರೋ?’

ಈ ಶಾಸ್ತ್ರ ಹುಟ್ಟಿದ್ದು ಆ ಪ್ರಶ್ನೆಯಿಂದ. ‘ಇವೆಲ್ಲ ಏನು’ ಎಂದು ಕೇಳಿದ್ದರೆ ತಾಂತ್ರಿಕ ಉತ್ತರ ಕೊಟ್ಟು ಎದ್ದುಬಿಡಬಹುದಿತ್ತು. ‘ಇವರೆಲ್ಲ ಯಾರು’ ಎನ್ನುವುದು ಮದುವೆಮನೆಯ ಪ್ರಶ್ನೆ. ಪ್ರತಿ ಮದುವೆಯ ಪಂಕ್ತಿಯಲ್ಲೂ ಒಬ್ಬಾತ ಇರುತ್ತಾನೆ. ಗಂಡಿನ ಕಡೆಯವರು ಅವನು ಹೆಣ್ಣಿನ ಕಡೆಯವನೆಂದುಕೊಂಡಿರುತ್ತಾರೆ, ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದು. ಅವನು ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುತ್ತಿರುತ್ತಾನೆ. ಅಂಗಡಿಯವನಿಗೆ ಫೋನು ಮಾಡಿದೆ. ‘ಅದು ಕಂಪನಿಯಿಂದಲೇ ಬರುತ್ತೆ ಸರ್’ ಎಂದ. ಕಂಪನಿಯ ಸಹಾಯವಾಣಿಯಲ್ಲಿ ಒಂದು ಹುಡುಗಿ ಬಹಳ ವಿನಯದಿಂದ ‘ಅದು ನಮ್ಮ ಪಾರ್ಟ್ನರ್ ಆ್ಯಪ್ ಸರ್’ ಎಂದಳು. ಪಾರ್ಟ್ನರನ ನಂಬರು ಯಾರ ಬಳಿಯೂ ಇರಲಿಲ್ಲ.

ಸೂತ್ರಂ: ಕರೆಯದೆ ಬರ್ಪುದಾಗಮಂ.

ವೃತ್ತಿ: ‘ಮನೆ’ಗೆ ‘ಅನ್ನು’ ಸೇರಿದರೆ ‘ಮನೆಯನ್ನು’. ನಡುವೆ ಯಕಾರ ತಾನಾಗಿ ಬಂತು. ಕರೆದವರಿಲ್ಲ. ಆದರೂ ಅದು ಬಾರದಿದ್ದರೆ ಉಚ್ಚಾರ ತೊಡರುತ್ತದೆ, ಲೋಪ ಮಾಡಿದರೆ ಅರ್ಥ ಕೆಡುತ್ತದೆ. ಹಾಗಾಗಿ ಕನ್ನಡದ ಆಗಮ ಉಪಕಾರಿ. ಈ ಗುಣವುಳ್ಳ ಆಗಮ ಫೋನಿನಲ್ಲೂ ಒಂದು ಕಾಲಕ್ಕೆ ಇತ್ತು. 1997ರ ನೋಕಿಯಾ 6110ರಲ್ಲಿ ತಾನಾಗಿ ಬಂದ ಹಾವಿನಾಟವನ್ನು ಯಾರೂ ಕೇಳಿರಲಿಲ್ಲ, ಯಾರೂ ಅಳಿಸಬೇಕೆಂದೂ ಬಯಸಲಿಲ್ಲ. ಆ ಹಾವು ನಮ್ಮ ಊರು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ, ಕಾಂಟ್ಯಾಕ್ಟ್ ಪಟ್ಟಿ ನೋಡಲು ಅನುಮತಿ ಬೇಡಲಿಲ್ಲ. ತನ್ನ ಬಾಲ ತಾನೇ ಕಚ್ಚಿಕೊಂಡು ಸತ್ತಿತು. ಅಂಥ ಸಂಭಾವಿತ ಸರೀಸೃಪ ಆಮೇಲೆ ಬರಲಿಲ್ಲ.

ಇನ್ನು ದೊಡ್ಡಮ್ಮನ ಫೋನಿನ ಶಬ್ದಸಂಪತ್ತನ್ನು ಸಂಪ್ರದಾಯದಂತೆ ವಿಂಗಡಿಸಬಹುದು. ಗೂಗಲಿನ ಮನೆಯಿಂದ ಇದ್ದ ಹಾಗೇ ಬಂದವು ತತ್ಸಮಗಳು: ಕ್ರೋಮ್, ಮ್ಯಾಪ್ಸ್, ಯೂಟ್ಯೂಬ್ ಇತ್ಯಾದಿ. ಅವನ್ನೇ ನೋಡಿ ಫೋನ್ ಕಂಪನಿ ತನ್ನ ನಾಲಿಗೆಗೆ ತಕ್ಕಂತೆ ತಿದ್ದಿಕೊಂಡವು ತದ್ಭವಗಳು: ಇನ್ನೊಂದು ಬ್ರೌಸರು, ಇನ್ನೊಂದು ಗ್ಯಾಲರಿ, ಇನ್ನೊಂದು ಆ್ಯಪ್ ಅಂಗಡಿ. ಗಡಿಯಾರ, ಅಲಾರಾಂ, ಕರೆ, ಮೆಸೇಜು ದೇಶ್ಯಗಳು. ಇವುಗಳ ಮೇಲೆ ಯಾರ ತಕರಾರೂ ಇಲ್ಲ. ಉಳಿದದ್ದು ಅನ್ಯದೇಶ್ಯ. ಮಿಠಾಯಿ ಒಡೆಯುವ ಆಟ, ಐದು ನಿಮಿಷದಲ್ಲಿ ಸಾಲ ಕೊಡುವವನು, ಕುಣಿತದ ವಿಡಿಯೋ, ಎರಡು ಶಾಪಿಂಗು. ಕೊನೆಗೆ ‘ಕ್ಲೀನರ್’ ಎಂಬುದೊಂದು. ಇದು ಫೋನಿನ ಕಸ ಗುಡಿಸುತ್ತೇನೆಂದು ಬಂದು, ಗುಡಿಸುವ ಮೊದಲು ಒಂದು ಜಾಹೀರಾತು, ಗುಡಿಸಿದ ಮೇಲೆ ಒಂದು ಜಾಹೀರಾತು ಹಾಕುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಡಬ್ಬಿಯ ಮೇಲೆ 64 ಜಿಬಿ ಎಂದು ಅಚ್ಚಾಗಿತ್ತು. ದೊಡ್ಡಮ್ಮ ಒಂದು ಫೋಟೋ ತೆಗೆಯುವ ಮೊದಲೇ 19 ಜಿಬಿ ಭರ್ತಿ. ಮನೆ ಬಾಡಿಗೆಗೆ ಹಿಡಿದು ಬೀಗ ತೆಗೆದರೆ ಒಂದು ಕೋಣೆಯಲ್ಲಿ ಮಾಲೀಕನ ಹಳೇ ಮಂಚ ಇದ್ದ ಹಾಗೆ. ವ್ಯತ್ಯಾಸವೆಂದರೆ ಇದು ಬಾಡಿಗೆಯಲ್ಲ, ಕ್ರಯ.

ಸೂತ್ರಂ: ಕಳೆವೊಡೆ ಪೋಗದುದವ್ಯಯಂ.

ವೃತ್ತಿ: ಲಿಂಗ, ವಚನ, ವಿಭಕ್ತಿಗಳಿಂದ ವಿಕಾರ ಹೊಂದದ್ದು ಅವ್ಯಯ ಎಂದು ಪ್ರಾಚೀನರ ಮತ. ಎಷ್ಟು ಒತ್ತಿದರೂ ಹೋಗದ್ದು ಅವ್ಯಯ ಎಂದು ನವೀನರ ಮತ. ಸಾಲದ ಆ್ಯಪನ್ನು ಒತ್ತಿ ಹಿಡಿದೆ. ಸಾಮಾನ್ಯ ಆ್ಯಪಿಗೆ ‘ಅನ್‌ಇನ್‌ಸ್ಟಾಲ್’ ಎಂದು ಬರುವ ಜಾಗದಲ್ಲಿ ಇದಕ್ಕೆ ‘ಡಿಸೇಬಲ್’ ಎಂದು ಬಂತು. ಅಂದರೆ ಅತಿಥಿಯನ್ನು ಹೊರಗೆ ಕಳಿಸುವ ಹಾಗಿಲ್ಲ, ನಿದ್ದೆ ಮಾತ್ರ ಬರಿಸಬಹುದು. ಇನ್ನೊಂದಕ್ಕೆ ‘ಅಪ್‌ಡೇಟ್ ಮಾತ್ರ ತೆಗೆಯಲೆ?’ ಎಂಬ ಪ್ರಶ್ನೆ. ಹೂಂ ಎಂದರೆ ಅದು ಕಾರ್ಖಾನೆಯಿಂದ ಬಂದ ದಿನದ ಬಾಲ್ಯರೂಪಕ್ಕೆ ಮರಳುತ್ತದೆ. ಮಾರನೇ ದಿನ ವೈಫೈ ಸಿಕ್ಕೊಡನೆ ಮತ್ತೆ ಬೆಳೆದು ದೊಡ್ಡದಾಗುತ್ತದೆ.

ಕಾರಣ ಗೂಢವಲ್ಲ. ಆಂಡ್ರಾಯ್ಡ್ ಫೋನಿನೊಳಗೆ ಸಿಸ್ಟಮ್ ಎಂಬ ಬೇರೆಯೇ ಒಂದು ವಿಭಾಗವಿದೆ. ಅದನ್ನು ಓದಬಹುದು, ಬರೆಯುವ ಹಾಗಿಲ್ಲ. ನಮ್ಮ ಮನೆಯ ಹಳೇ ತಾಳೆಗರಿ ಕಟ್ಟಿನಂತೆ. ಅಲ್ಲಿ ಕೂತದ್ದು ಕೂತೇ ಇರುತ್ತದೆ. ಫೋನನ್ನು ಪೂರಾ ಅಳಿಸಿ ಹೊಸದು ಮಾಡಿದರೂ ನಮ್ಮ ಫೋಟೋ, ನಮ್ಮ ಮೆಸೇಜು ಹೋಗುತ್ತವೆಯೇ ಹೊರತು ಅದಕ್ಕೆ ಪುನರ್ಜನ್ಮ ಖಾತ್ರಿ.

ಈ ಅವ್ಯಯವಾದ ಹೊಸದಲ್ಲ. 1998ರಲ್ಲಿ ಅಮೆರಿಕದ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಮೊಕದ್ದಮೆ ಹೂಡಿದಾಗ, ಇಂಟರ್ನೆಟ್ ಎಕ್ಸ್‌ಪ್ಲೋರರ್ ವಿಂಡೋಸಿನ ಅಂಗವೇ, ಕಿತ್ತರೆ ದೇಹಕ್ಕೇ ಕೇಡು ಎಂದು ಕಂಪನಿ ವಾದಿಸಿತು. ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಎಡ್ವರ್ಡ್ ಫೆಲ್ಟನ್ ಸರ್ಕಾರದ ಸಾಕ್ಷಿಯಾಗಿ ಬಂದು, ಅದನ್ನು ತೆಗೆದುಹಾಕುವ ಪ್ರೋಗ್ರಾಮೊಂದನ್ನೇ ಬರೆದು ತೋರಿಸಿದರು. ಹಾಗೆ ತೆಗೆದರೆ ವಿಂಡೋಸ್ ಕುಂಟುತ್ತದೆಂದು ಸಾಧಿಸಲು ಕಂಪನಿ ನ್ಯಾಯಾಲಯದಲ್ಲಿ ಒಂದು ವಿಡಿಯೋ ಹಾಕಿತು. ಆ ವಿಡಿಯೋದೊಳಗೇ ತಾಳೆಯಾಗದ ಸಂಗತಿಗಳು ಬಯಲಾಗಿ ಮುಜುಗರಪಟ್ಟಿತು. ಅಂಗವೋ ಅಂಗಿಯೋ ಎಂಬ ಈ ಚರ್ಚೆ ನಮ್ಮ ಮೀಮಾಂಸಕರ ಕೈಗೆ ಸಿಕ್ಕಿದ್ದರೆ ಇನ್ನೂ ಮುಗಿಯುತ್ತಿರಲಿಲ್ಲ.

ಹಟಯೋಗಿಗಳಿಗೆ ಒಂದು ಮಾರ್ಗ ಇದೆಯೆಂದು ಕೇಳಿ ಅದನ್ನೂ ಸಾಧಿಸಿದೆ. ಸೆಟ್ಟಿಂಗ್ಸಿನ ತಳದಲ್ಲಿ ‘ಬಿಲ್ಡ್ ನಂಬರ್’ ಎಂಬ ಸಾಲನ್ನು ಏಳು ಸಲ ಮುಟ್ಟಬೇಕು. ಕಟ್ಟಿಕೊಳ್ಳಲು ಏಳು ಹೆಜ್ಜೆ ಎಂದು ಕೇಳಿದ್ದೆ, ಬಿಡಿಸಿಕೊಳ್ಳಲು ಏಳು ಒತ್ತು ಎಂಬುದು ಇದೇ ಮೊದಲು. ಆಮೇಲೆ ಕಂಪ್ಯೂಟರಿಗೆ ವೈರು ಸಿಕ್ಕಿಸಿ ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪಿಸಬೇಕು. ಆ ಸಾಲಿನಲ್ಲಿ, ಯಾರ ಪಾಲಿಗೆ ಈ ಆ್ಯಪು ತೆಗೆಯಬೇಕೆಂದು ಹೇಳಬೇಕಾಗುತ್ತದೆ. ಫೋನಿನ ಒಡೆಯನಿಗೆ ಆಂಡ್ರಾಯ್ಡ್ ಕೊಟ್ಟಿರುವ ಕ್ರಮಸಂಖ್ಯೆಯನ್ನು ಅಲ್ಲಿ ಬರೆಯಬೇಕು. ಆ ಸಂಖ್ಯೆ ಸೊನ್ನೆ. ಯೂಸರ್ ಝೀರೋ. ನಾನು ಸ್ವಲ್ಪ ಹೊತ್ತು ಬೆರಳು ಎತ್ತಿಕೊಂಡೇ ಕೂತಿದ್ದೆ. ಟೈಪಿಸಿದ ಮೇಲೆ ಆ್ಯಪು ಮಾಯವಾಯಿತು, ಅಂದರೆ ಸೊನ್ನೆಯ ಕಣ್ಣಿಗೆ ಮಾತ್ರ. ತಾಳೆಗರಿಯಲ್ಲಿ ಹಾಗೇ ಇದೆ.

ಸೂತ್ರಂ: ಆದೇಶಂ ಬಲ್ಲಿದನ ಬಾಯೊಳ್.

ವೃತ್ತಿ: ‘ಮಳೆ’ಗೆ ‘ಕಾಲ’ ಸೇರಿದಾಗ ಕಕಾರ ಎದ್ದು ಹೋಗಿ ಗಕಾರ ಕೂರುವುದು ಆದೇಶ. ದೊಡ್ಡಮ್ಮನಿಗೆ ಬಂದ ಬ್ಯಾಂಕಿನ ಲಿಂಕನ್ನು ಒತ್ತಿದರೆ ಕ್ರೋಮ್ ಎದ್ದು ಹೋಗಿ ಕಂಪನಿಯ ಬ್ರೌಸರು ಕೂರುವುದೂ ಆದೇಶವೇ. ಇದಕ್ಕಿಂತ ಶುದ್ಧ ಪ್ರಯೋಗವೊಂದು ರಾಜ್ಯಾಡಳಿತದಲ್ಲಿ ಸಿಗುತ್ತದೆ. 2025ರ ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆಯು ಸಂಚಾರ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲೂ 90 ದಿನದೊಳಗೆ ತುಂಬಿಯೇ ಮಾರಬೇಕು, ಅದರ ಕೆಲಸಗಳನ್ನು ನಿಷ್ಕ್ರಿಯಗೊಳಿಸುವಂತಿರಬಾರದು ಎಂದು ತಯಾರಕರಿಗೆ ಆದೇಶ ಹೊರಡಿಸಿತು. ಕಳೆದ ಫೋನು ಹುಡುಕಲು, ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆಯೆಂದು ನೋಡಲು ಅದು ಉಪಯುಕ್ತವೇ, ನಾನೇ ಬಳಸಿದ್ದೇನೆ. ಆದರೆ ಉಪಯುಕ್ತವಾದ ಅತ್ತೆಯನ್ನೂ ಯಾರೂ ಗೋಡೆಗೆ ಹೂತು ಇಟ್ಟುಕೊಳ್ಳುವುದಿಲ್ಲ. ದೇಶದಲ್ಲಿ ಗಲಾಟೆಯೆದ್ದಿತು. ಡಿಸೆಂಬರ್ 3ರಂದು ಕಡ್ಡಾಯವನ್ನು ಹಿಂತೆಗೆದುಕೊಂಡರು. ಆದೇಶಕ್ಕೆ ಐದೇ ದಿನದಲ್ಲಿ ಲೋಪ ಪ್ರಾಪ್ತವಾದ ಇಂಥ ಉದಾಹರಣೆ ವ್ಯಾಕರಣದಲ್ಲಿ ಅಪರೂಪ. ಸರ್ಕಾರಕ್ಕೆ ಕೂಗು ಕೇಳಿಸಿತು. ಮಿಠಾಯಿ ಒಡೆಯುವವರಿಗೆ ಯಾರು ಕೂಗುತ್ತಾರೆ?

ಲೋಪಪ್ರಕರಣವನ್ನು ಇಲ್ಲೇ ಮುಗಿಸುತ್ತೇನೆ, ಅದಕ್ಕೆ ಇರುವುದು ಒಂದೇ ಪ್ರಯೋಗ. 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಗೂಗಲಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಮೊದಲೇ ತುಂಬಿದ ತನ್ನ ಆ್ಯಪುಗಳನ್ನು ಬಳಕೆದಾರರು ಅಳಿಸುವುದಕ್ಕೆ ಅಡ್ಡಿ ಮಾಡಬೇಡ ಎಂದೂ ಹೇಳಿತು. ಮೇಲ್ಮನವಿ ನ್ಯಾಯಮಂಡಳಿ 2023ರ ಮಾರ್ಚಿನಲ್ಲಿ ದಂಡವನ್ನು ಉಳಿಸಿ, ಕೆಲವು ಸೂಚನೆಗಳನ್ನು ರದ್ದು ಮಾಡಿತು. ರದ್ದಾದವುಗಳಲ್ಲಿ ಈ ಸೂಚನೆಯೂ ಸೇರಿತ್ತು. ಅಳಿಸಲು ಬಿಡಿ ಎಂಬ ಸಾಲೇ ಅಳಿಸಿಹೋಯಿತು.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಅವರ ಮಾತು ಸುಳ್ಳಲ್ಲವಾದ್ದರಿಂದ ಪೂರ್ತಿ ಕೇಳಬೇಕು. ‘ಹತ್ತು ಸಾವಿರಕ್ಕೆ ಇಂಥ ಫೋನು ಹೇಗೆ ಬಂತೆಂದುಕೊಂಡಿರಿ? ಆ್ಯಪಿನವರು ಕೊಡುವ ದುಡ್ಡಿನಿಂದಲೇ ಬೆಲೆ ಇಳಿದಿದೆ’ ಎಂಬುದು ಅವರ ವಾದ. ಹೌದು. ಯಂತ್ರದಿಂದ ಬರುವ ನಿವ್ವಳ ಲಾಭ ಶೇ 5 ಮೀರುವುದಿಲ್ಲವೆಂದು ಶಿಯೋಮಿಯ ಸಂಸ್ಥಾಪಕ ಲೇ ಜುನ್ 2018ರಲ್ಲಿ ಬಹಿರಂಗವಾಗಿ ಮಾತು ಕೊಟ್ಟರು. ಯಂತ್ರದಲ್ಲಿ ಅಷ್ಟೇ ಸಾಕೆಂದವರು ಉಳಿದದ್ದನ್ನು ಪರದೆಯ ಮೇಲೆ ದುಡಿಯಬೇಕು, ಇದು ಲೆಕ್ಕ. ಆದರೆ ಈ ಲೆಕ್ಕ ಐಫೋನಿನವರಿಗೆ ಹೇಗೆ ಹೊಂದುತ್ತದೆ? ಶೇರುಪೇಟೆ ತೋರಿಸುವ ‘ಸ್ಟಾಕ್ಸ್’ ಆ್ಯಪನ್ನು ಮನೆಪರದೆಯಿಂದ ತೆಗೆಯಲು ಅವರು 2016ರವರೆಗೆ ಕಾಯಬೇಕಾಯಿತು. 2014ರಲ್ಲಿ ಯು2 ತಂಡದ ಹೊಸ ಆಲ್ಬಮ್ ಕೋಟ್ಯಂತರ ಐಟ್ಯೂನ್ಸ್ ಖಾತೆಗಳಿಗೆ ಕೇಳದೆಯೇ ಬಂದು ಬಿತ್ತು, ಉಡುಗೊರೆಯಾಗಿ. ಅದನ್ನು ತೆಗೆದುಹಾಕಲೆಂದೇ ಆ್ಯಪಲ್ ಕೆಲವೇ ದಿನಗಳಲ್ಲಿ ಬೇರೊಂದು ಪುಟ ತೆರೆಯಬೇಕಾಯಿತು. ಬಡವನಿಗೆ ರಿಯಾಯಿತಿಯ ಹೆಸರಲ್ಲಿ, ಬಲ್ಲಿದನಿಗೆ ಉಡುಗೊರೆಯ ಹೆಸರಲ್ಲಿ. ಆಗಮಕ್ಕೆ ಜಾತಿಭೇದವಿಲ್ಲ.

ಸೂತ್ರಂ: ಷಷ್ಠಿಗೆ ಕಾರಕತ್ವಮಿಲ್ಲ.

ವೃತ್ತಿ: ಇದು ಗ್ರಂಥದ ಹೃದಯ, ಇಲ್ಲಿ ನಿಧಾನವಾಗಿ ಓದಬೇಕು. ‘ದೊಡ್ಡಮ್ಮನ ಫೋನು’ ಎನ್ನುವಲ್ಲಿ ‘ಅ’ ಪ್ರತ್ಯಯ ಷಷ್ಠಿ. ಉಳಿದ ವಿಭಕ್ತಿಗಳಿಗೆಲ್ಲ ವಾಕ್ಯದ ಕ್ರಿಯೆಯೊಡನೆ ಒಂದಲ್ಲ ಒಂದು ವ್ಯವಹಾರವಿದೆ: ಒಬ್ಬ ಮಾಡುವವನು, ಒಂದು ಮಾಡಿಸಿಕೊಳ್ಳುವುದು, ಒಂದು ಸಾಧನ, ಒಬ್ಬ ಪಡೆಯುವವನು, ಒಂದು ಸ್ಥಳ. ಷಷ್ಠಿಗೆ ಮಾತ್ರ ಏನೂ ಇಲ್ಲ. ಅದು ಬರೀ ಸಂಬಂಧ ಹೇಳುತ್ತದೆ. ಆದ್ದರಿಂದ ಅದು ಕಾರಕವೇ ಅಲ್ಲ ಎಂದು ವೈಯಾಕರಣರು ಎಂದೋ ತೀರ್ಮಾನಿಸಿ ಮಲಗಿದ್ದಾರೆ. ಹೈಸ್ಕೂಲಿನಲ್ಲಿ ಇದನ್ನು ಬಾಯಿಪಾಠ ಮಾಡಿದಾಗ ನನಗೆ ಅರ್ಥವಾಗಿರಲಿಲ್ಲ. ಮೊನ್ನೆ ಆಯಿತು. ಆ್ಯಪಿನವನು ಕರ್ತೃ. ಫೋನು ಕರಣ. ಕಂಪನಿ ಸಂಪ್ರದಾನ, ದುಡ್ಡು ಹೋಗುವುದು ಅದಕ್ಕೇ. 64ರಲ್ಲಿ 19 ಜಿಬಿ ಅಧಿಕರಣ. ನೋಡುವ ಕಣ್ಣು, ಒತ್ತುವ ಬೆರಳು ಕರ್ಮ. ಹಣ ಎಣಿಸಿ ಕೊಟ್ಟ ದೊಡ್ಡಮ್ಮ ಷಷ್ಠಿ. ಅವಳ ಫೋನು, ಅಷ್ಟೇ.

ಪ್ರಯೋಗ: ಒಂದು ತಿಂಗಳು ಕಳೆದು ಸಾಗರಕ್ಕೆ ಹೋದಾಗ ದೊಡ್ಡಮ್ಮ ತನ್ನದೇ ಒಂದು ಭಾಷ್ಯ ರಚಿಸಿಕೊಂಡಿದ್ದಳು. ಪಕ್ಕದ ಮನೆ ಹುಡುಗನಿಂದ ಬೇಡದ್ದನ್ನೆಲ್ಲ ಒಂದೇ ಫೋಲ್ಡರಿಗೆ ತುಂಬಿಸಿ, ಅದಕ್ಕೆ ‘ಅಟ್ಟ’ ಎಂದು ಹೆಸರಿಡಿಸಿದ್ದಳು. ಒಡೆದ ಕೊಡ, ಹಳೇ ತೊಟ್ಟಿಲು ಇಡುವ ಜಾಗ. ಇದಕ್ಕಿಂತ ಸಮರ್ಥ ಪಾರಿಭಾಷಿಕ ಪದ ನನ್ನ ಇಡೀ ಗ್ರಂಥದಲ್ಲಿಲ್ಲ. ಒಂದನ್ನು ಮಾತ್ರ ಹೊರಗಿಟ್ಟಿದ್ದಳು, ವಾಯ್ಸ್ ರೆಕಾರ್ಡರ್. ಅದೂ ಕರೆಯದೆ ಬಂದದ್ದೇ. ಅದರಲ್ಲಿ ತನಗೆ ನೆನಪಿದ್ದ ಹಸೆಹಾಡುಗಳನ್ನು, ಮಧ್ಯಾಹ್ನ ಊಟವಾದ ಮೇಲೆ, ಒಂದೊಂದಾಗಿ ಹಾಡಿ ತುಂಬಿಡುತ್ತಿದ್ದಳು. ಹನ್ನೊಂದು ಆಗಿದ್ದವು. ಒಂದರ ನಡುವೆ ಕುಕ್ಕರ್ ಕೂಗಿದ್ದೂ ಇತ್ತು.

ಹೋದ ವಾರ ಬೆಳಿಗ್ಗೆ ಅವಳ ಕರೆ ಬಂತು. ‘ಅಲ್ಲ ಮಾರಾಯ, ಜಾಗ ಸಾಲ್ತಿಲ್ಲ ಅಂತ ಬರ್ತಾ ಉಂಟು.’

‘ಏನು ಬಂದಿದೆ, ಓದು ದೊಡ್ಡಮ್ಮ.’

‘ಆ ಕಸ ಗುಡಿಸೋದು ಇದೆಯಲ್ಲ, ಅಟ್ಟದಲ್ಲಿ, ಅದೇ ಎದ್ದು ಬಂದಿದೆ. ಬೇಡದ ದೊಡ್ಡ ಫೈಲುಗಳು ಹನ್ನೊಂದು ಅಂತೆ. ಎಲ್ಲದಕ್ಕೂ ಅದೇ ಟಿಕ್ ಹಾಕಿದೆ.’ ಸ್ವಲ್ಪ ಹೊತ್ತು ಸುಮ್ಮನಾದಳು. ಮತ್ತೆ ಮಾತಾಡಿದಾಗ ದನಿಯಲ್ಲಿ ಗೆದ್ದ ಸಂತೋಷ. ‘ಕೆಳಗೆ ಅಳಿಸು ಅಂತ ಕೆಂಪಗೆ ಬಂದಿದೆ ನೋಡು! ಅವತ್ತು ನೀನು ಅಷ್ಟು ಹುಡುಕಿದ್ದು. ಒತ್ತಲಾ?’

(ಇಲ್ಲಿಂದ ಮುಂದೆ ಗ್ರಂಥಪಾತ.)