ಬಯಲಿಗೆ ಬೆಲೆ ಕಟ್ಟುವವರಿಗೆ

ಸಂಶೋಧಕ ಮಹಾಶಯರೇ,

ನಗರದ ಬಯಲು ಜಾಗಗಳ ಬೆಲೆ ಎಷ್ಟೆಂದು ಪತ್ತೆ ಮಾಡುತ್ತಿರುವ ತಾವು, ಬೆಂಗಳೂರಿನವರು ಬಯಲು ಹುಡುಕಿಕೊಂಡು ಎಲ್ಲಿಯವರೆಗೆ ಹೋಗುತ್ತಾರೆಂದು ನೋಡಲು ಕುದುರೆಮುಖ ಬೆಟ್ಟದ ಬುಡದ ನಮ್ಮ ಸಂಸೆಗೆ ಚಿತ್ತೈಸಿದ್ದಿರಿ. ಹನ್ನೆರಡಕ್ಕೆ ಸಿಗಿ ಅಂದಿರಿ. ಕೊಯ್ಲಿನ ದಿನ ಆಳುಗಳನ್ನು ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಕಾದೆ. ಕುದುರೆಮುಖ ಹತ್ತಿಳಿದು, ಉಂಡು, ತಾವು ಬಂದಾಗ ನಾಲ್ಕೂವರೆ. "ಸಾರಿ ಅಂಕಲ್, ನೆಟ್‌ವರ್ಕ್ ಇರಲಿಲ್ಲ."

ಮೊದಲ ಪ್ರಶ್ನೆ: ಈ ಬೆಟ್ಟಕ್ಕೆ ಬರಲು ನಿಮಗೆ ಎಷ್ಟು ಖರ್ಚು? ಇಲ್ಲೇ ಹುಟ್ಟಿದವನು, ನಡೆದು ಹೋಗುತ್ತೇನೆ ಅಂದೆ. ಸೊನ್ನೆ ಬರೆದುಕೊಂಡಿರಿ. ಜನ ಬರಲು ಮಾಡುವ ಖರ್ಚಿನಿಂದ ಜಾಗದ ಬೆಲೆ ಅಳೆಯುವ ಈ ಉಪಾಯವನ್ನು 1947ರಲ್ಲಿ ಹೆರಾಲ್ಡ್ ಹೊಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಪತ್ರ ಬರೆದು ಹೇಳಿದನಂತೆ. ಅವನ ಪತ್ರ ಓದಿದವರು ನನ್ನದನ್ನೂ ಓದಿ.

ಲಾಲ್‌ಬಾಗಿನ ಪಕ್ಕದ ಮನೆಯಿಂದ ದಿನಾ ನಡೆದು ಹೋಗುವ ಅಜ್ಜನಿಗೂ ಸೊನ್ನೆಯೇ? ಅದು ಮನೆಯ ರೇಟಿನಲ್ಲಿ ಬರುತ್ತದೆ ಅಂದಿರಿ. ಕಬ್ಬನ್ ಪಾರ್ಕಿನ ಮರದಡಿ ಮಧ್ಯಾಹ್ನ ಒರಗುವ ಗಾರೆ ಕೆಲಸದವನಿಗೆ ಮನೆಯೇ ಇಲ್ಲವಲ್ಲ ಮಾರಾಯರೇ? ಅವನಿಗೂ ಸೊನ್ನೆ. ನಾನೂ ಅವನೂ ಒಂದೇ ಕಾಲಂ.

ಇಷ್ಟಕ್ಕೆ ಸುಮ್ಮನಿರುತ್ತಿದ್ದೆ. ಸಂಜೆ ಮನೆಗೆ ಬಂದು ನೋಡಿದರೆ ನಿಮ್ಮ ಕಾರು ನಮ್ಮ ಕಾಫಿ ಕಣದ ನಡುಮಧ್ಯೆ! ಖಾಲಿ ಜಾಗ ಕಂಡಿತು, ನಿಲ್ಲಿಸಿದಿರಿ. ಕೊಯ್ದ ರೊಬಸ್ಟಾ ಹಣ್ಣು ಹರಡಲೆಂದೇ ಆ ಜಾಗ ಗುಡಿಸಿ ಇಟ್ಟದ್ದು. ಜೀಪು ಹತ್ತಿ ಹೋಂಸ್ಟೇಗೆ ಹೋದ ನಿಮಗೆ ಎಷ್ಟು ಫೋನು ಮಾಡಿದರೂ ನೆಟ್‌ವರ್ಕ್ ಇರಲಿಲ್ಲ. ಹಣ್ಣು ರಾತ್ರಿಯಿಡೀ ಚೀಲದಲ್ಲೇ ಕೂತಿತು. ಬೆಳಗ್ಗೆ ಕೈ ಹಾಕಿದರೆ ಒಳಗೆಲ್ಲ ಬಿಸಿ, ಹುಳಿ ನಾತ. ಅಷ್ಟು ಹೊತ್ತಿಗೆ ಕಾರೂ ಇಲ್ಲ, ನೀವೂ ಇಲ್ಲ. ನಾಚಿಕೆಯಾಗಬೇಕು. ಬಯಲಿನ ಬೆಲೆ ಓದಲು ಬಂದವರು ಬಯಲು ಕಂಡ ಕೂಡಲೇ ಮಾಡಿದ ಮೊದಲ ಕೆಲಸ ಪಾರ್ಕಿಂಗ್!

ಬಯಲು ಉಳಿಸಲು ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಅದನ್ನು ಸದಾಶಿವನಗರದಲ್ಲಿ ಕೇಳಿ. ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ಸುಪ್ರೀಂ ಕೋರ್ಟಿನವರೆಗೂ ಕಾದಾಡಿ 1991ರಲ್ಲಿ ಗೆದ್ದರು. ಎಷ್ಟು ಕೊಡುತ್ತೇವೆ ಎಂದು ಅವರು ಹೇಳಲಿಲ್ಲ, ಬಿಟ್ಟುಕೊಡುವುದಿಲ್ಲ ಅಂದರು. ಆ ಉತ್ತರಕ್ಕೆ ನಿಮ್ಮ ಫಾರಂನಲ್ಲಿ ಜಾಗವಿಲ್ಲ, ನಾನೇ ನೋಡಿದ್ದೇನೆ.

ಹಾಳಾದದ್ದು ಮೂರು ಚೀಲ. ರೇಟು ಕಳಸದ ಯಾವ ಕಾಫಿ ವ್ಯಾಪಾರಿಯನ್ನು ಕೇಳಿದರೂ ಹೇಳುತ್ತಾನೆ. ದುಡ್ಡನ್ನು ಈ ವಾರವೇ ಕಳಿಸಿ.

ಇಂತಿ,
ಸಂಸೆಯ ಒಬ್ಬ ಸಣ್ಣ ಬೆಳೆಗಾರ